ಅಳೆದು ತೂಗಿ ಮನೆಗೆ ಬಂದ ಅಡುಗೆ

ನಮ್ಮ ಮನೆಯಲ್ಲಿ ಅಡುಗೆ ಮಾಡುವುದು ಯಾರಿಗೂ ಬೇಸರದ ಕೆಲಸವಲ್ಲ. ಬೇಸರ ತರಿಸುವುದು ‘ಇವತ್ತೇನು ಅಡುಗೆ?’ ಎಂಬ ಪ್ರಶ್ನೆ. ಬೆಳ್ಳಂದೂರಿನ ಕಚೇರಿಯಿಂದ ಹೊರಟು, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದು, ಹನುಮಂತನಗರದ ಮನೆ ಸೇರುವಷ್ಟರಲ್ಲಿ ಏಳೂವರೆ ದಾಟಿರುತ್ತದೆ; ಬಸ್ಸಿನಲ್ಲಿರುವಾಗಲೇ ಅತ್ತೆಯವರ ಫೋನಿನ ಮೂಲಕ ಆ ಪ್ರಶ್ನೆ ನನ್ನನ್ನು ತಲುಪಿರುತ್ತದೆ. ಈ ಪ್ರಶ್ನೆಯಿಂದಲೇ ಬಿಡುಗಡೆ ಕೊಡಿಸುತ್ತೇವೆ ಎಂದು ಹೇಳಿಕೊಳ್ಳುವ ಒಂದು ಮೀಲ್ ಕಿಟ್ ಸೇವೆಗೆ ಚಂದಾದಾರಳಾಗಿ, ವಾರಕ್ಕೆ ಮೂರು ಅಡುಗೆಯಂತೆ ಆರು ವಾರ, ಒಟ್ಟು ಹದಿನೆಂಟು ಪೆಟ್ಟಿಗೆಗಳನ್ನು ತರಿಸಿಕೊಂಡೆ. ನಾನು ತೂಗಿ ನೋಡಲು ಹೊರಟಿದ್ದು ಒಂದು ಕಂಪನಿಯನ್ನಲ್ಲ, ಈ ಪದ್ಧತಿಯನ್ನು. ಆದ್ದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ.

ಮೀಲ್ ಕಿಟ್ ಎಂದರೆ ಬೇಯಿಸಿದ ಊಟವಲ್ಲ. ಒಂದು ಅಡುಗೆಗೆ ಬೇಕಾದ ಅಕ್ಕಿ, ಬೇಳೆ, ತರಕಾರಿ, ಮಸಾಲೆಗಳನ್ನು ಇಬ್ಬರಿಗೋ ನಾಲ್ವರಿಗೋ ಸರಿಯಾಗಿ ಅಳೆದು, ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ತುಂಬಿ, ಮಾಡುವ ಕ್ರಮವನ್ನು ಅಚ್ಚುಹಾಕಿದ ಒಂದು ಕಾರ್ಡಿನೊಂದಿಗೆ ಕಳುಹಿಸುತ್ತಾರೆ. ಒಲೆ, ಎಣ್ಣೆ, ಉಪ್ಪು ಮತ್ತು ಶ್ರಮ ನಮ್ಮದು. ಸ್ವೀಡನ್ನಿನಲ್ಲಿ ಮೊಳೆತ ಈ ವ್ಯಾಪಾರವನ್ನು 2011ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಹೆಲೋಫ್ರೆಶ್ ಮತ್ತು 2012ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಬ್ಲೂ ಏಪ್ರನ್ ದೊಡ್ಡದಾಗಿ ಬೆಳೆಸಿದವು. ಅದು ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಇಳಿಯಲೂಬಹುದು ಎಂಬುದಕ್ಕೆ ಬ್ಲೂ ಏಪ್ರನ್ನೇ ಸಾಕ್ಷಿ: 2017ರಲ್ಲಿ ತಲಾ ಹತ್ತು ಡಾಲರಿನಂತೆ ಷೇರು ಮಾರಿ ಮಾರುಕಟ್ಟೆಗೆ ಬಂದ ಆ ಕಂಪನಿ 2023ರಲ್ಲಿ ಸುಮಾರು 10.3 ಕೋಟಿ ಡಾಲರಿಗೆ ವಂಡರ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ರಿಯಾಯಿತಿ ಇರುವಷ್ಟು ದಿನ ಗಿರಾಕಿ ಇರುತ್ತಾನೆ, ಅದು ಮುಗಿದ ಮೇಲೆ ಉಳಿಯುವುದು ಕಷ್ಟ. ನನ್ನ ಮಟ್ಟಿಗೂ ಹಾಗೆಯೇ ಆಯಿತು. ಮೊದಲ ಎರಡು ವಾರ ಒಂದು ಅಡುಗೆಗೆ 249 ರೂಪಾಯಿ ಇದ್ದದ್ದು, ಮೂರನೆಯ ವಾರದಿಂದ 360ರಿಂದ 480 ರೂಪಾಯಿಯವರೆಗೆ ಏರಿತು.

ಮೊದಲು ಬಂದದ್ದು ಬಿಸಿಬೇಳೆ ಬಾತ್. ಅತ್ತೆಯವರ ಎದುರು ಬಿಸಿಬೇಳೆ ಬಾತಿನ ಪೆಟ್ಟಿಗೆ ಬಿಚ್ಚುವುದು ಧೈರ್ಯದ ಕೆಲಸ. ಅಂಗೈಯಗಲದ ಪೊಟ್ಟಣದಲ್ಲಿ ಅಕ್ಕಿ, ಇನ್ನೊಂದರಲ್ಲಿ ತೊಗರಿಬೇಳೆ, ಬೆರಳುದ್ದದ ಲಕೋಟೆಯಲ್ಲಿ ತುಪ್ಪ, ಮತ್ತೊಂದರಲ್ಲಿ ಹುಣಸೆ ರಸ, ಎಂಟು ಗೋಡಂಬಿ, ಒಂದು ಎಸಳು ಕರಿಬೇವು. ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿ, “ಇದನ್ನು ಊಟಕ್ಕೆ ಮುಂಚೆ ತಗೋಬೇಕೋ, ಊಟ ಆದ ಮೇಲೋ?” ಎಂದು ಕೇಳಿದರು. ಪುಡಿಯಲ್ಲಿ ಮರಾಠಿ ಮೊಗ್ಗಿನ ವಾಸನೆಯೇ ಇರಲಿಲ್ಲ. ಕೊಬ್ಬರಿಯ ಬದಲು ಗರಂ ಮಸಾಲೆಯ ಘಾಟು ಮುಂದಾಗಿತ್ತು. ಹುರುಳಿಕಾಯಿಯನ್ನು ಹಿಂದಿನ ದಿನವೇ ಹೆಚ್ಚಿದ್ದರಿಂದ ಅಂಚುಗಳು ಕಂದಿದ್ದವು. ನಮ್ಮ ಬೀದಿಯ ಅಂಗಡಿಯ ದರದಲ್ಲಿ ಅಷ್ಟೇ ಅಕ್ಕಿ, ಬೇಳೆ, ತರಕಾರಿ, ತುಪ್ಪ, ಪುಡಿಗಳ ಲೆಕ್ಕ ಹಾಕಿದರೆ 110 ರೂಪಾಯಿ ದಾಟಲಿಲ್ಲ. ಪೆಟ್ಟಿಗೆಯ ಬೆಲೆ, ರಿಯಾಯಿತಿ ಇಲ್ಲದಿದ್ದರೆ, 360 ರೂಪಾಯಿ.

ಬೆಲೆಗಿಂತ ನನ್ನನ್ನು ಕೆಣಕಿದ್ದು ಕಾರ್ಡಿನ ಮೇಲಿದ್ದ ‘30 ನಿಮಿಷ’ ಎಂಬ ಮಾತು. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಎಂದು ಬರೆದಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಕರಾವಳಿಗಿಂತ ನಿಧಾನವಾಗಿ ಬೇಯುತ್ತದೆ. ಅದರ ಮೇಲೆ, ಕಾವೇರಿ ನೀರು ಬಾರದ ದಿನ ನಾವು ಬಳಸುವ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆ ಮೆತ್ತಗಾಗುವುದನ್ನು ಇನ್ನಷ್ಟು ತಡೆಯುತ್ತವೆ. ಇದೆಲ್ಲ ನಮ್ಮ ಊರಿನ ಯಾವ ಗೃಹಿಣಿಗೂ ಕಾರಣ ತಿಳಿಯದೆಯೇ ಕೈಗೆ ತಿಳಿದಿರುವ ವಿಷಯ, ಅದಕ್ಕೇ ಕುಕ್ಕರು. ಇದೇ ನಗರದಲ್ಲಿ ಪೆಟ್ಟಿಗೆ ಕಟ್ಟುವವರಿಗೆ ಅದು ತಿಳಿಯದಿದ್ದರೆ, ಆ ಕಾರ್ಡನ್ನು ಬರೆದವರು ಅದನ್ನು ನೋಡಿಕೊಂಡು ಒಮ್ಮೆಯಾದರೂ ಅಡುಗೆ ಮಾಡಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಕೊನೆಗೆ ಕುಕ್ಕರಿಗೇ ಹಾಕಿ, ಮೂರು ಸೀಟಿ ಹೊಡೆಸಿ, ಪಾತ್ರೆ ತೊಳೆಯುವುದನ್ನು ಬಿಟ್ಟು 55 ನಿಮಿಷದಲ್ಲಿ ಬಾತ್ ಮುಗಿಸಿದೆವು.

ಇನ್ನೂ ಮುಖ್ಯವಾದ ತೊಡಕು ಎರಡನೆಯ ವಾರದಲ್ಲಿ ಅರಿವಾಯಿತು. ಒಂದು ತಟ್ಟೆಯಲ್ಲಿ ಒಂದೇ ಪದಾರ್ಥ ಹಾಕಿಕೊಂಡರೆ ಊಟ ಮುಗಿಯುವ ನಾಡಿನಲ್ಲಿ ಹುಟ್ಟಿದ ಏರ್ಪಾಡು ಇದು. ನಮ್ಮಲ್ಲಿ ಅನ್ನ, ಸಾರು, ಪಲ್ಯ, ಮೊಸರು ಇವೆಲ್ಲ ಸೇರಿದರೆ ಊಟ, ಮತ್ತು ಪೆಟ್ಟಿಗೆ ಕೊಡುವುದು ಇವುಗಳಲ್ಲಿ ಒಂದನ್ನು ಮಾತ್ರ. ‘ಪಾಲಕ್ ಪನೀರ್’ ಬಂದ ದಿನ ಚಪಾತಿ ನಾನೇ ಲಟ್ಟಿಸಬೇಕಾಯಿತು, ಅತ್ತೆಯವರಿಗೆ ತಿಳಿಸಾರು ಬೇಕೇ ಬೇಕಾಯಿತು, ಮಾವನವರ ಕಾಲದಿಂದ ಬಂದ ಮಜ್ಜಿಗೆಯಂತೂ ತಪ್ಪುವ ಪ್ರಶ್ನೆಯೇ ಇಲ್ಲ. ಒಂದು ಅಡುಗೆಯ ಯೋಚನೆ ತಪ್ಪಿತು, ಉಳಿದ ಮೂರರ ಯೋಚನೆ ಹಾಗೆಯೇ ಉಳಿಯಿತು. ಇಬ್ಬರ ಪೆಟ್ಟಿಗೆಯನ್ನು ಮೂವರು ತಿನ್ನುವ ಮನೆಗೆ ಹೊಂದಿಸುವುದು ಬೇರೆ ಕಸರತ್ತು. ಸಂಕಷ್ಟಿಯ ದಿನ ಬೆಳ್ಳುಳ್ಳಿ ಹಾಕಿದ ನೂಡಲ್ಸ್ ಬಂದಾಗ ಏನಾಯಿತು ಎಂಬುದನ್ನು ಬಿಡುತ್ತೇನೆ.

ಹಾಗೆಂದು ಹದಿನೆಂಟೂ ಪೆಟ್ಟಿಗೆಗಳು ದಂಡವಾಗಲಿಲ್ಲ. ನಾಲ್ಕನೆಯ ವಾರದ ಥಾಯ್ ಹಸಿರು ಕರಿ ನನ್ನ ಅಭಿಪ್ರಾಯವನ್ನೇ ಅಲುಗಾಡಿಸಿತು. ಅದಕ್ಕೆ ಬೇಕಾದ ಮಜ್ಜಿಗೆ ಹುಲ್ಲು, ಶುಂಠಿಯ ಜಾತಿಯ ಗೆಡ್ಡೆಯಾದ ದುಂಪರಾಸ್ಮಿ, ಥಾಯ್ ನಿಂಬೆ ಎಲೆ, ತೆಂಗಿನ ಹಾಲು, ಪುಟ್ಟ ಬದನೆ, ತುಳಸಿಯ ಜಾತಿಯ ಆ ಇನ್ನೊಂದು ಸೊಪ್ಪು ಎಲ್ಲವೂ ಹದವಾಗಿ, ಬೇಕಾದಷ್ಟೇ ಇದ್ದವು. ಇವನ್ನೇ ಬಿಡಿಯಾಗಿ ಕೊಂಡಿದ್ದರೆ ಕರಿ ಪೇಸ್ಟಿನ ಒಂದು ಬಾಟಲಿ, ತೆಂಗಿನ ಹಾಲಿನ ಒಂದು ಡಬ್ಬಿ, ಒಂದು ಕಿಲೋ ಜಾಸ್ಮಿನ್ ಅಕ್ಕಿ, ಒಂದು ಕಟ್ಟು ಎಲೆ ಎಂದು 800 ರೂಪಾಯಿ ಮೀರುತ್ತಿತ್ತು, ಮತ್ತು ಆ ಬಾಟಲಿ ಬೂಷ್ಟು ಹಿಡಿಯುವವರೆಗೆ ಫ್ರಿಜ್ಜಿನ ಬಾಗಿಲಲ್ಲಿ ನಿಂತಿರುತ್ತಿತ್ತು. 480 ರೂಪಾಯಿಯಲ್ಲಿ, 40 ನಿಮಿಷದಲ್ಲಿ, ಹೋಟೆಲಿನಲ್ಲಿ ಇಬ್ಬರಿಗೆ ಇದರ ಎರಡು ಪಟ್ಟು ತೆರಬೇಕಾದ ಒಂದು ಊಟವನ್ನು ನನ್ನ ಕೈಯಾರೆ ಮಾಡಿದೆ. ದುಂಪರಾಸ್ಮಿಯ ತುಂಡನ್ನು ಮೂಸಿದ ಅತ್ತೆಯವರು, ಅವರ ತಂದೆ ಕೆಮ್ಮಿಗೆ ಇದನ್ನೇ ತೇಯ್ದು ಕೊಡುತ್ತಿದ್ದರೆಂದು ನೆನಪಿಸಿಕೊಂಡು ಎರಡು ಸೌಟು ಹೆಚ್ಚೇ ಬಡಿಸಿಕೊಂಡರು.

ಮನೆಯಲ್ಲಿ ಈಗಾಗಲೇ ಡಬ್ಬಿ ತುಂಬ ಇರುವ ಪದಾರ್ಥಗಳಿಂದ ಆಗುವ ಅಡುಗೆಗೆ ಪೆಟ್ಟಿಗೆ ತರಿಸುವುದು ನಷ್ಟ. ಒಮ್ಮೆ ಚಿಟಿಕೆಯಷ್ಟು ಬೇಕಾಗಿ ಮತ್ತೆ ಆರು ತಿಂಗಳು ಬೇಡವಾಗುವ ಐದಾರು ಪದಾರ್ಥಗಳು ಕೂಡಿ ಆಗುವ ಅಡುಗೆಗೆ ಅದು ಲಾಭ. ನಾವು ಹಣ ತೆರುವುದು ಅಡುಗೆಗಲ್ಲ, ಅಳತೆಗೆ. ಅಳತೆ ಎಲ್ಲಿ ಬೆಲೆಬಾಳುತ್ತದೆಯೋ ಅಲ್ಲಿ ಮಾತ್ರ ತೆತ್ತ ಹಣ ಸಾರ್ಥಕ.

ಪೆಟ್ಟಿಗೆಯ ಕಸದ ವಿಷಯಕ್ಕೆ ಬಂದರೆ, ಮೂಗಿಗಿಂತ ಮೂಗುತಿ ಭಾರ. ಬಿಸಿಬೇಳೆ ಬಾತಿನ ಒಂದೇ ಪೆಟ್ಟಿಗೆಯಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ಪೊಟ್ಟಣಗಳನ್ನು ಎಣಿಸಿದೆ. ಪನೀರಿನ ಪೆಟ್ಟಿಗೆಗೆ ಇವುಗಳ ಜೊತೆ ಬೆಳ್ಳಿಬಣ್ಣದ ಹೊದಿಕೆ ಮತ್ತು ಎರಡು ಜೆಲ್ ಐಸ್ ಪ್ಯಾಕುಗಳು. ಪ್ಲಾಸ್ಟಿಕ್ ಕೈಚೀಲವನ್ನು 2016ರಲ್ಲಿಯೇ ನಿಷೇಧಿಸಿದ ರಾಜ್ಯದಲ್ಲಿ, ಒಂದು ಚಮಚ ಸಾಸಿವೆಗೂ ಒಂದು ಪ್ಲಾಸ್ಟಿಕ್ ಲಕೋಟೆ. ಇಂಥ ಐಸ್ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಇರುವುದು ನೀರು ಮತ್ತು ಸೋಡಿಯಂ ಪಾಲಿಅಕ್ರಿಲೇಟ್, ಅಂದರೆ ಮಗುವಿನ ಡೈಪರಿನಲ್ಲಿ ನೀರು ಹೀರುವ ವಸ್ತು. ಅದನ್ನು ಕತ್ತರಿಸಿ ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಹಸಿ ಕಸಕ್ಕೆ ಹಾಕುವಂತೆಯೂ ಇಲ್ಲ. ಆರು ವಾರಗಳ ಕೊನೆಗೆ ನಮ್ಮ ಫ್ರೀಜರಿನ ಅರ್ಧ ಭಾಗ ಅವುಗಳದ್ದೇ. ಕಂಪನಿ ಹಿಂದಕ್ಕೆ ಪಡೆಯುವುದಿಲ್ಲ.

ಇದಕ್ಕೆ ಪ್ರತಿವಾದವೂ ಇದೆ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಐದು ಅಡುಗೆಗಳನ್ನು ಹೋಲಿಸಿ, ಅಂಗಡಿಯಿಂದ ಸಾಮಾನು ತಂದು ಮಾಡಿದ ಊಟದ ಹಸಿರುಮನೆ ಅನಿಲದ ಹೊರೆ ಕಿಟ್ಟಿನ ಊಟಕ್ಕಿಂತ ಸರಾಸರಿ ಶೇ. 33ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಕಿಟ್ಟಿನಲ್ಲಿ ಆಹಾರ ವ್ಯರ್ಥವಾಗುವುದು ಕಡಿಮೆ, ಅಂಗಡಿಯಲ್ಲಿ ಕೊಳೆತು ಹೋಗುವುದು ತಪ್ಪುತ್ತದೆ, ಪ್ರತಿ ಮನೆಯವರೂ ಕಾರು ತೆಗೆದುಕೊಂಡು ಹೋಗಬೇಕಾಗಿಲ್ಲ ಎಂಬವು ಅದರ ಕಾರಣಗಳು. ನಮ್ಮ ಬೀದಿಗೆ ಈ ಲೆಕ್ಕವನ್ನು ಹಾಗೆಯೇ ತಂದು ಕೂರಿಸಲಾಗದು. ಇಲ್ಲಿ ಬೆಳಗ್ಗೆ ಏಳಕ್ಕೆ ಸೊಪ್ಪಿನ ಗಾಡಿ ಬಾಗಿಲಿಗೇ ಬರುತ್ತದೆ. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುತ್ತದೆ. ಹೀರೆಕಾಯಿಯ ಸಿಪ್ಪೆಯೂ ಚಟ್ನಿಯಾಗುತ್ತದೆ. ವ್ಯರ್ಥವನ್ನು ಕಡಿಮೆ ಮಾಡುವುದು ಕಿಟ್ಟಿನ ಹೆಚ್ಚುಗಾರಿಕೆಯಾದರೆ, ಮೊದಲೇ ವ್ಯರ್ಥ ಮಾಡದ ಮನೆಗೆ ಅದು ಕೊಡುವುದೇನು? ವಾರಕ್ಕೊಮ್ಮೆ ತರಕಾರಿ ತರಿಸಿ, ಅರ್ಧ ಕೊಳೆಸಿ, ಮತ್ತೆ ತರಿಸುವ ಮನೆಗಳು ಈ ನಗರದಲ್ಲಿ ಬೇಕಾದಷ್ಟಿವೆ ಎಂಬುದೂ ನಿಜ, ಅವರ ಲೆಕ್ಕ ಬೇರೆಯಾಗಬಹುದು.

ಸೇವೆಯ ಗುಣಮಟ್ಟದ ಬಗ್ಗೆ ಎರಡು ಮಾತು. ಹದಿನೆಂಟರಲ್ಲಿ ಹದಿನಾರು ಪೆಟ್ಟಿಗೆಗಳು ಹೇಳಿದ ವೇಳೆಗೆ ಬಂದವು. ಒಂದು ಬರಲೇ ಇಲ್ಲ. ಕೋಳಿಮಾಂಸದ ಪೆಟ್ಟಿಗೆಯೊಂದು ಮಳೆಯ ಸಂಜೆ ಏಳಕ್ಕೆ ಬರಬೇಕಾದದ್ದು 9.40ಕ್ಕೆ ಬಂದಿತು, ಐಸ್ ಪ್ಯಾಕು ಪೂರ್ತಿ ಕರಗಿ ಮಾಂಸ ಬೆಚ್ಚಗಾಗಿತ್ತು. ಹಸಿ ಮಾಂಸವನ್ನು 5 ಡಿಗ್ರಿಯೊಳಗೆ ಇಡಬೇಕು ಎಂಬುದು ಆಹಾರ ಸುರಕ್ಷತೆಯ ಮೊದಲ ಪಾಠ, ಆದ್ದರಿಂದ ಅದನ್ನು ಎಸೆದೆ. ದೂರಿಗೆ ಉತ್ತರವಾಗಿ ಹಣ ಬರಲಿಲ್ಲ, ಮುಂದಿನ ಖರೀದಿಗೆ ಸಲ್ಲುವ ‘ಕ್ರೆಡಿಟ್’ ಬಂದಿತು. ಇಂಥ ಸೇವೆಯನ್ನು ಪ್ರಯತ್ನಿಸುವವರು ಮಾಂಸ, ಮೀನಿನ ಪೆಟ್ಟಿಗೆಯಿಂದ ಆರಂಭಿಸದಿರುವುದು ಮೇಲು, ಮತ್ತು ಪೆಟ್ಟಿಗೆಯ ಮೇಲೆ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೀಡುವ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು.

ಚಂದಾದ ಜಾಣ್ಮೆ ಇನ್ನೊಂದು ಬಗೆಯದು. ಹಣ ಯುಪಿಐ ಆಟೊಪೇ ಮೂಲಕ ತಾನಾಗಿ ಕಡಿತವಾಗುತ್ತದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ, ಸಂದೇಶವೂ ತಪ್ಪದೆ ಬಂತು. ಆದರೆ ವಾರದ ಮೆನುವನ್ನು ಬದಲಾಯಿಸುವ ಅಥವಾ ಆ ವಾರವನ್ನು ಬಿಡುವ ಗಡುವು ಆರು ದಿನ ಮೊದಲೇ ಮುಗಿದಿರುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ ಎಂದಾಯಿತು. ಸೇರುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು, ಬಿಡುವುದಕ್ಕೆ ಐದು ಪರದೆಗಳನ್ನು ದಾಟಿ ‘ಏಕೆ?’ ಎಂಬುದಕ್ಕೆ ಉತ್ತರ ಬರೆಯಬೇಕಾಯಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಪಟ್ಟಿ ಮಾಡಿರುವ ಹದಿಮೂರು ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪರದೆಯ ತಂತ್ರಗಳಲ್ಲಿ, ಈ ಬಗೆಯ ಚಂದಾ ಬಲೆಯೂ ಒಂದು. ಸುಲಭದ ದಾರಿಯೆಂದರೆ ಯುಪಿಐ ಆ್ಯಪಿನೊಳಗೆ ಹೋಗಿ ಆಟೊಪೇ ಅನುಮತಿಯನ್ನೇ ರದ್ದುಮಾಡುವುದು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬೆಂಗಳೂರಿನವರಿಗೆ ಈ ಕಿಟ್ ಹೊಸದಾಗಿ ಕಾಣುವುದೇ ನನಗೆ ಸೋಜಿಗ. ಅಡುಗೆಯ ಬಿಡಿ ಶ್ರಮಗಳನ್ನು ಮಾರುವ ವ್ಯಾಪಾರ ನಮ್ಮ ಊರಿನಲ್ಲಿ ಬಹಳ ಕಾಲದಿಂದ ಇದೆ. ಅವರೆಕಾಯಿಯ ಕಾಲದಲ್ಲಿ ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಹಿತಕಿದ ಬೇಳೆಯನ್ನು ಪಾವು ಲೆಕ್ಕದಲ್ಲಿ ಕೊಡುತ್ತಾರೆ. ನಾರು ತೆಗೆದು ಹೆಚ್ಚಿದ ಬಾಳೆದಿಂಡು, ಬಿಡಿಸಿದ ಬಟಾಣಿ, ಕಾಂಡಿಮೆಂಟ್ಸ್ ಅಂಗಡಿಗಳ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ತುರಿದ ಕಾಯಿ, ದೋಸೆ ಹಿಟ್ಟು ಎಲ್ಲವೂ ಸಿಗುತ್ತವೆ. 2005ರಲ್ಲಿ ಇದೇ ನಗರದಲ್ಲಿ ಆರಂಭವಾದ ಐಡಿ ಫ್ರೆಶ್ ಇಡ್ಲಿ-ದೋಸೆಯ ಹಿಟ್ಟನ್ನೇ ದೊಡ್ಡ ಉದ್ಯಮ ಮಾಡಿತು. ಇವು ಯಾವುವೂ ಇಡೀ ಊಟದ ಜವಾಬ್ದಾರಿ ಹೊರುವುದಿಲ್ಲ, ಕೈಗೆ ನೋವು ಕೊಡುವ ಒಂದೊಂದು ಕೆಲಸವನ್ನು ಮಾತ್ರ ಕಳೆಯುತ್ತವೆ. ಅವರೆಕಾಳು ಹಿತುಕುವ ಎರಡು ಗಂಟೆಗೆ ನಾನು ಎಷ್ಟು ಬೇಕಾದರೂ ಕೊಡುತ್ತೇನೆ, ಸಾಸಿವೆ ಅಳೆದುಕೊಡುವುದಕ್ಕೆ ಕೊಡಲಾರೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು ನನ್ನ ಆರು ವಾರ.

ಒಬ್ಬರಿಗೆ ಮಾತ್ರ ಇದನ್ನು ಸಂಕೋಚವಿಲ್ಲದೆ ಶಿಫಾರಸು ಮಾಡಿದೆ. ಮಾರತ್ತಹಳ್ಳಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಮನೆ ಮಾಡಿರುವ ನನ್ನ ಅಕ್ಕನ ಮಗನಿಗೆ ಒಗ್ಗರಣೆ ಹೊತ್ತುವುದಕ್ಕೆ ಎಷ್ಟು ಹೊತ್ತು ಬೇಕೆಂಬುದೂ ತಿಳಿದಿರಲಿಲ್ಲ. ದಿನವೂ ಹೊರಗಿನಿಂದ ತರಿಸುವ ಊಟಕ್ಕೆ ಹೋಲಿಸಿದರೆ ಕಿಟ್ ಅವನಿಗೆ ದುಬಾರಿಯೂ ಅಲ್ಲ. ಕೊನೆಯ ವಾರದ ಮೂರು ಪೆಟ್ಟಿಗೆಗಳನ್ನು ಅವನ ವಿಳಾಸಕ್ಕೆ ತಿರುಗಿಸಿದೆ. ಎರಡನ್ನು ಮಾಡಿದ, ಮೂರನೆಯದು ಆ ಬಾರದೆ ಹೋದ ಪೆಟ್ಟಿಗೆ. ಅದರ ಅಡುಗೆಯ ಕ್ರಮವನ್ನು ನನ್ನಿಂದ ಫೋನಿಗೆ ತರಿಸಿಕೊಂಡು, ಸಾಮಾನನ್ನು ಎದುರಿನ ಅಂಗಡಿಯಲ್ಲಿ ಕೊಂಡು, ವಾಂಗಿಬಾತ್ ಮಾಡಿ ಮುಗಿಸಿದ. ನನ್ನ ಚಂದಾ ಈಗ ರದ್ದಾಗಿದೆ. ನಮ್ಮ ಮನೆಗೆ ಬಂದ ಹದಿನೈದು ಕಾರ್ಡುಗಳು ಅತ್ತೆಯವರ ಸಾಮಾನಿನ ಡಬ್ಬಿಯ ಹಿಂದೆ ಇವೆ, ಬಿಸಿಬೇಳೆ ಬಾತಿನದರ ಮೇಲೆ ‘30 ನಿಮಿಷ’ ಎಂಬುದನ್ನು ಅವರು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದಾರೆ.