ಟೊರಾಡೊರಾ ಮೊದಲೋ, ಕಗುಯಾ ಮೊದಲೋ?

ನಗಿಸುತ್ತ ಶುರುವಾಗಿ ಗಂಟಲು ಕಟ್ಟಿಸಿ ಮುಗಿಯುವ ಪ್ರೇಮಕಥೆಯ ಅನಿಮೆ (ಜಪಾನಿನ ಅನಿಮೇಶನ್ ಸರಣಿ) ಬೇಕು ಎಂದವರಿಗೆ ಸಾಮಾನ್ಯವಾಗಿ ಸಿಗುವ ಹೆಸರು ಎರಡು: ‘ಟೊರಾಡೊರಾ’, ‘ಕಗುಯಾ-ಸಾಮಾ’. ಮೊದಲನೆಯದು ಹಿಡಿಸಿದವರ ಕೈಗೆ ಅದೇ ಲೇಖಕಿ ಯುಯುಕೊ ತಕೆಮಿಯಾ ಅವರ ‘ಗೋಲ್ಡನ್ ಟೈಮ್’ ಕೂಡ ಬರುತ್ತದೆ. ಇವುಗಳಲ್ಲಿ ಹಾಸ್ಯವನ್ನೂ ದುಃಖವನ್ನೂ ಬೇರೆಬೇರೆ ತಕ್ಕಡಿಯಲ್ಲಿಟ್ಟರೆ ಏನೂ ತಿಳಿಯದು. ಮೊದಲು ನಗಿಸಿದ ಸಂಗತಿಯೇ ಆಮೇಲೆ ಚುಚ್ಚುತ್ತದೆಯೇ? ಅಳತೆಗೋಲು ಇದೇ.

ಈ ಅಳತೆಯಲ್ಲಿ ಟೊರಾಡೊರಾ (2008–09, 25 ಕಂತು, ನಿರ್ದೇಶನ ತತ್ಸುಯುಕಿ ನಾಗಾಯ್) ಮುಂದಿದೆ. ರ‍್ಯೂಜಿಗೆ ಅಪ್ಪನಿಂದ ಬಂದದ್ದು ರೌಡಿಯ ಕಣ್ಣು, ಕೈಗೆ ಮಾತ್ರ ಒರೆಸುವ, ತೊಳೆಯುವ, ಅಡುಗೆ ಮಾಡುವ ಚಟ. ತೈಗಾ ಗಿಡ್ಡಿ, ಸಿಡುಕಿ, ಒಂಟಿಯಾಗಿ ದೊಡ್ಡ ಫ್ಲ್ಯಾಟ್‌ನಲ್ಲಿ ಇರುವವಳು. ಅವಳು ರ‍್ಯೂಜಿಯ ಗೆಳೆಯ ಕಿತಾಮುರಾನಿಗೆ ಕೊಡಲು ಹೊರಟ ಪ್ರೇಮಪತ್ರ ತಪ್ಪಿ ರ‍್ಯೂಜಿಯ ಚೀಲಕ್ಕೆ ಬಿದ್ದು, ಲಕೋಟೆ ಒಡೆದರೆ ಒಳಗೆ ಕಾಗದವೇ ಇಲ್ಲ. ಆಗ ಇದು ಬರೀ ತಮಾಷೆ. 13ನೇ ಕಂತಿನ ಹೊತ್ತಿಗೆ ಅದೇ ಅಜಾಗರೂಕ ಹುಡುಗಿ ಶಾಲೆಯ ಉತ್ಸವದಲ್ಲಿ ವೇದಿಕೆ ಮೇಲೆ ನಿಂತಿರುತ್ತಾಳೆ, ಬರುತ್ತೇನೆಂದ ಅಪ್ಪನ ಸುಳಿವಿಲ್ಲ. ಅಪ್ಪನನ್ನು ನಂಬು ಎಂದು ಒತ್ತಾಯಿಸಿದವನು ರ‍್ಯೂಜಿಯೇ. ತಂದೆಯಿಲ್ಲದೆ ಬೆಳೆದವನಿಗೆ ತಂದೆ ಎಂದರೆ ಒಳ್ಳೆಯದೇ ಇರಬೇಕೆಂಬ ಆಸೆ. ಪೆಟ್ಟು ಹೊರಗಿನಿಂದ ಬಂದದ್ದಲ್ಲ, ಪಾತ್ರದ ಸ್ವಭಾವದಿಂದಲೇ ಹುಟ್ಟಿದ್ದು.

19ನೇ ಕಂತು ಇನ್ನೂ ಬಿಗಿ. ಕ್ರಿಸ್‌ಮಸ್ ರಾತ್ರಿ ತೈಗಾ ತಾನೇ ರ‍್ಯೂಜಿಯನ್ನು, ಅವನು ಪ್ರೀತಿಸುವ ತನ್ನ ಗೆಳತಿ ಮಿನೋರಿಯ ಬಳಿಗೆ ಕಳಿಸುತ್ತಾಳೆ. ಕಳಿಸಿದ ಮೇಲೆ ಅರ್ಥವಾಗುತ್ತದೆ, ತಾನು ಕಳೆದುಕೊಂಡದ್ದು ಏನೆಂದು. ಬೀದಿಗೆ ಓಡಿ ಅವನ ಹೆಸರು ಕೂಗುತ್ತ ಅಳುವುದನ್ನು ಮಿನೋರಿ ನೋಡಿಬಿಡುತ್ತಾಳೆ. ಸಂಭಾಷಣೆ ಕಡಿಮೆ, ಮೂವರ ಕಥೆಯೂ ಅಲ್ಲೇ ತಿರುಗುತ್ತದೆ.

ಕೊರತೆಗಳೂ ಸಣ್ಣವಲ್ಲ. 5ನೇ ಕಂತಿನಲ್ಲಿ ಮಾಡೆಲ್ ಹುಡುಗಿ ಅಮಿ ಬರುವವರೆಗೆ ತೈಗಾಳ ಒದೆತವೇ ಹಾಸ್ಯ. ಈಜುಡುಗೆಗೆ ರ‍್ಯೂಜಿ ಪ್ಯಾಡ್ ಹೊಲಿದುಕೊಡುವ 7ನೇ ಕಂತಿನಂಥ ಜಾಗದಲ್ಲಿ ಅನೇಕರು ಬಿಟ್ಟುಬಿಡುತ್ತಾರೆ. ಕೊನೆಯ ಎರಡು ಕಂತು ಬೇರೆ ತೊಂದರೆ: ಓಡಿಹೋಗುವ ನಿರ್ಧಾರ, ಅಜ್ಜ-ಅಜ್ಜಿಯ ಮನೆ, ಮುತ್ತು, ಅಗಲಿಕೆ, ಮರಳುವಿಕೆ, ಎಲ್ಲವನ್ನೂ ತುರುಕಿದ್ದಾರೆ. ಎಲ್ಲರಿಗಿಂತ ಮೊದಲೇ ಎಲ್ಲವನ್ನೂ ಗ್ರಹಿಸಿದ್ದ ಅಮಿಗೆ ಸಿಕ್ಕ ಮುಕ್ತಾಯ ತೀರಾ ಕಡಿಮೆ.

ಕಗುಯಾ (ಮೊದಲ ಸೀಸನ್ 2019) ಇದಕ್ಕೆ ತಿರುಗುಮುರುಗು. ವಿದ್ಯಾರ್ಥಿ ಸಂಘದ ಅಧ್ಯಕ್ಷ ಶಿರೊಗಾನೆ, ಉಪಾಧ್ಯಕ್ಷೆ ಕಗುಯಾ: ಇಬ್ಬರು ಜಾಣರು, ಮೊದಲು ಪ್ರೀತಿ ಒಪ್ಪಿಕೊಂಡವರು ಸೋತಂತೆ. ಒಂದು ಕಂತಿನಲ್ಲಿ ಹೆಚ್ಚಾಗಿ ಮೂರು ಕಿರುಕಥೆ, ಕೊನೆಗೆ ಗೆದ್ದವರು ಯಾರೆಂಬ ತೀರ್ಪು, ನಡುವೆ ಯುದ್ಧವರದಿಯಂತೆ ಗುಡುಗುವ ನಿರೂಪಕ. ಹಾಸ್ಯದ ಗಡಿಯಾರ ತಪ್ಪುವುದೇ ಇಲ್ಲ. ಆದರೆ ಪ್ರತಿ ಕಿರುಕಥೆಯ ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೇ ಮರಳುತ್ತದೆ. ಆರು ಕಂತು ಒಟ್ಟಿಗೆ ನೋಡಿದರೆ ಸೂತ್ರ ಬೇಸರ ತರುತ್ತದೆ, ದಿನಕ್ಕೆ ಎರಡು ಸಾಕು. ಭಾರ ಬರುವುದು ಮೊದಲ ಸೀಸನ್ನಿನ ಕೊನೆಗೆ, ಪಟಾಕಿ ನೋಡಲಾಗದ ರಾತ್ರಿಯಲ್ಲಿ. ಎರಡನೇ ಸೀಸನ್ನಿನಲ್ಲಿ ಸಂಘದ ಖಜಾಂಚಿ ಇಶಿಗಾಮಿಯ ಹಿಂದಿನ ಕಥೆ ಬರುವವರೆಗೆ ಮತ್ತೆ ಕಾಯಬೇಕು. ಮೂರು ಸೀಸನ್ ಸೇರಿ 37 ಕಂತು, ಅದರ ಮೇಲೊಂದು ಚಿತ್ರ.

ಎರಡನ್ನೂ ಜಪಾನಿ ಧ್ವನಿಯಲ್ಲೇ ನೋಡಿ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲರೂ ‘ಯು’. ರ‍್ಯೂಜಿ ಮತ್ತು ತೈಗಾ ಬೇಗನೇ ಮನೆಹೆಸರು ಬಿಟ್ಟು ಹೆಸರು ಹಿಡಿದು ಕರೆಯುತ್ತಾರೆ. ಅವನು ಪ್ರೀತಿಸುವ ಮಿನೋರಿಗೆ ಮಾತ್ರ ಅವನು ‘ತಕಾಸು-ಕುನ್’, ಅವನಿಗೆ ಅವಳು ‘ಕುಶಿಯೆದಾ’. ನೀನು–ನೀವು ಅಂತರದಲ್ಲಿ ಬೆಳೆದ ಕಿವಿಗೆ ಯಾರು ಹತ್ತಿರ, ಯಾರು ದೂರ ಎಂಬುದು ಇದರಿಂದಲೇ ತಿಳಿಯುತ್ತದೆ. ಕಗುಯಾ ಕೂಡ ಶಿರೊಗಾನೆಯನ್ನು ಕರೆಯುವುದು ‘ಕೈಚೋ’, ಅಂದರೆ ಅಧ್ಯಕ್ಷರೇ. ಆ ಪದವಿಯ ಹಿಂದೆ ಬಚ್ಚಿಟ್ಟುಕೊಳ್ಳುವುದೇ ಅವಳ ಆಟ.

ಗೋಲ್ಡನ್ ಟೈಮ್ (2013–14, 24 ಕಂತು) ಬಗ್ಗೆ ಹೆಚ್ಚು ಬೇಕಿಲ್ಲ. ಕಾಲೇಜು ಜೀವನ, ಅರ್ಧದಾರಿಗೂ ಮುಂಚೆ ಶುರುವಾಗುವ ಪ್ರೀತಿ, ಆಮೇಲಿನ ಅಸೂಯೆ ಮತ್ತು ಅಂಜಿಕೆ: ಇವು ಉಳಿದೆರಡರಲ್ಲಿ ಸಿಗದ ಗುಣ. ಕೆಡಿಸುವುದು ನೆನಪು ಕಳೆದುಕೊಂಡ ನಾಯಕ ಮತ್ತು ಅವನ ಹಿಂದಿನ ರೂಪದ ಭೂತ. ಜಗಳ ಬಿದ್ದಾಗೆಲ್ಲ ಕಾರಣ ಸ್ವಭಾವವಲ್ಲ, ಮರೆವು. ನಾಯಕಿ ಕೊಕೊಳ ಹಟಮಾರಿತನ ತಂದ ನಗೆ ದ್ವಿತೀಯಾರ್ಧದಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ.

ಹೊಸಬರು ಟೊರಾಡೊರಾದಿಂದ ಶುರುಮಾಡಲಿ, ಬಿಡುವುದಾದರೆ 13 ಮುಗಿದ ಮೇಲೆ ಬಿಡಲಿ. ಬರೀ ನಗು ಬೇಕಿದ್ದವರಿಗೆ ಕಗುಯಾ. ರ‍್ಯೂಜಿಯ ಅಡುಗೆಗೇ ಮನಸೋತವರಿಗೆ 2011ರ ಬ್ಲೂ-ರೇ ಪೆಟ್ಟಿಗೆಯ ಜೊತೆ ಬಂದ ಹೆಚ್ಚುವರಿ ಕಂತು ಇದೆ: ಕಿತಾಮುರಾನ ಅಜ್ಜಿ ಕಟ್ಟಿಕೊಟ್ಟ ಬುತ್ತಿಯನ್ನು ಮೀರಿಸಲು ಅವನು ಹುಚ್ಚು ಹಿಡಿದವನಂತೆ ಅಡುಗೆಗೆ ನಿಲ್ಲುತ್ತಾನೆ. ಕಣ್ಣೀರು ಒಂದು ಹನಿಯೂ ಇಲ್ಲ.