ತಾಯ್ ಚೀ ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಮೈಸೂರಲ್ಲಿ ಮಂಡಿನೋವಿಗೆ ಅಂತ ತಾಯ್ ಚೀ (ನಿಧಾನವಾಗಿ ಮಾಡೋ ಚೀನಾದ ಕದನಕಲೆ) ಹುಡುಕ್ತಿರೋ ಹೆಂಗಸರು ದಯವಿಟ್ಟು ಪೂರ್ತಿ ಓದಿ. ಆರು ತಿಂಗಳು, 22,500 ರೂಪಾಯಿ ಕಳ್ಕೊಂಡೆ. ದುಡ್ಡು ಹಾಳಾಗಿ ಹೋಗಲಿ, ಮಗಳ ಮುಂದೆ ತಲೆ ತಗ್ಗಿಸೋ ಹಾಗಾಯ್ತಲ್ಲ, ಅದು ಇನ್ನೂ ಹೊಟ್ಟೆ ಉರಿಸ್ತಿದೆ.

ನನಗೂ ಮಗಳಿಗೂ ಸೇರಿ 18,000, ಮೊದಲೇ ಕಟ್ಟಿಸ್ಕೊಂಡ್ರು. ಆರೋಗ್ಯ, ಕತ್ತಿವರಸೆ, ಆತ್ಮರಕ್ಷಣೆ ಎಲ್ಲ ಒಂದೇ ಪ್ಯಾಕೇಜ್ ಅಂದ್ರು ಮಾಸ್ಟರ್. ರಸೀದಿ ಕೇಳಿದ್ರೆ "ಫೋನ್‌ಪೇಲಿ ಇರತ್ತಲ್ಲ ಮೇಡಂ."

"ಎರಡು ಸಾವಿರ ವರ್ಷದ ಗುಪ್ತವಿದ್ಯೆ, ನಮ್ಮ ಗುರುಗಳು ನನಗೊಬ್ಬನಿಗೇ ಕೊಟ್ಟಿದ್ದು" ಅಂತ ಕಲಿಸಿದ್ದು ಯಾವುದು ಗೊತ್ತಾ? 24ರ ವರಸೆ, ಅಂದ್ರೆ 24 ಚಲನೆಗಳ ಸರಣಿ. ತಾಯ್ ಚೀಯ ಯಾಂಗ್ ಅನ್ನೋ ಶೈಲಿಯಿಂದ ಆರಿಸಿ, ಜನ ಸುಲಭವಾಗಿ ಕಲೀಲಿ ಅಂತ ಚೀನಾದ ಕ್ರೀಡಾ ಆಯೋಗ 1956ರಲ್ಲಿ ಚಿಕ್ಕದು ಮಾಡಿದ್ದು. ಮಾಡಿ ಮುಗಿಸೋಕೆ ಐದಾರು ನಿಮಿಷ. ಅಲ್ಲಿ ಪಾರ್ಕಲ್ಲಿ ಅಜ್ಜ ಅಜ್ಜಿಯರು ಮಾಡ್ತಾರೆ!

"ಜಿಯಾನ್" ಅಂತ 4,500ಕ್ಕೆ ಒಂದು ಕತ್ತಿ ಬೇರೆ ಮಾರಿದ್ರು. ಹಿಡಿಗೆ ಕೆಂಪು ಬಟ್ಟೆ, ಬೀಸಿದ್ರೆ ತಗಡಿನ ಸದ್ದು. ಜಿಯಾನ್ ನೇರ ಇರತ್ತೆ, ಎರಡೂ ಕಡೆ ಅಲಗು. ನನಗೆ ಕೊಟ್ಟಿದ್ದು ಬಾಗಿದ, ಒಂದೇ ಅಲಗಿನ ದಾವ್. ಕಲಿಸೋರಿಗೇ ವ್ಯತ್ಯಾಸ ಗೊತ್ತಿಲ್ಲ, ಅಥವಾ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರು.

ಮೂರನೇ ತಿಂಗಳು ಬಲಮಂಡಿ ಊದಿತು. "ಕೆಟ್ಟ ಚೀ ಹೊರಗೆ ಬರ್ತಿದೆ ಮೇಡಂ, ಒಳ್ಳೆ ಲಕ್ಷಣ." ಚೀ ಅಂದ್ರೆ ಮೈಯೊಳಗಿನ ಪ್ರಾಣಶಕ್ತಿ ಅಂತೆ. ಒಳ್ಳೆ ಲಕ್ಷಣವಂತೆ! ಫಿಸಿಯೋಥೆರಪಿಯವರು ಒಂದೇ ಸಲ ಮಾಡಿಸಿ ನೋಡಿದ್ರು: ಮೈಭಾರ ಕಾಲ ಮೇಲೆ ಬಿಟ್ಟುಕೊಂಡೇ ಪಾದ ತಿರುಗಿಸ್ತಿದ್ದೆ, ಮಂಡಿ ತಿರುಚಿಕೊಳ್ತಿತ್ತು. ಭಾರ ಹಿಂದಕ್ಕೆ ತಗೊಂಡು ಆಮೇಲೆ ತಿರುಗಬೇಕಂತೆ. ಇಷ್ಟನ್ನ ಆರು ತಿಂಗಳಲ್ಲಿ ಒಂದು ದಿನ ಹೇಳಲಿಲ್ಲ.

ಇನ್ನು ಆತ್ಮರಕ್ಷಣೆ. ಕ್ಲಾಸಲ್ಲಿ ಮಾಸ್ಟರ್ ಕೈ ಚಾಚಿದ್ರೆ ಸಾಕು, ತಾಕೋ ಮುಂಚೆ ಎಲ್ಲರೂ ಹಿಂದಕ್ಕೆ ಹಾರೋರು. ನಾನೂ ಹಾರಿದೆ. ಏನೂ ತಾಕಿರಲಿಲ್ಲ, ಎಲ್ಲರೂ ಹಾರ್ತಾರೆ ಅಂತ ಹಾರಿದೆ. ಬರೆಯೋಕೆ ನಾಚಿಕೆ ಆಗತ್ತೆ. ನಮ್ಮಜ್ಜ ಗರಡಿ ಆಳು, ಪಟ್ಟು ಹಾಕಿ ಕೆಡವದೆ ಯಾರಿಗೂ ಕಲಿಸಿದವರಲ್ಲ.

ಯುಗಾದಿಗೆ ಅಣ್ಣನ ಮಗ ಬಂದಿದ್ದ, ಹದಿನಾರು ವರ್ಷ. "ಅತ್ತೆ, ಬಿಡಿಸ್ಕೊಳ್ಳಿ ನೋಡೋಣ" ಅಂತ ಮಣಿಕಟ್ಟು ಹಿಡಿದ. ಸೊಂಟ ತಿರುಗಿಸಿದೆ, ಮೊಣಕೈ ಇಳಿಸಿದೆ, ಹೇಳಿಕೊಟ್ಟಿದ್ದೆಲ್ಲ ಮಾಡಿದೆ. ಅವನು ಅಲ್ಲಾಡಲೇ ಇಲ್ಲ. ಮಗಳೂ ನೋಡಿದ್ಲು, ಅವಳ ಕೈಯಲ್ಲೂ ಆಗಲಿಲ್ಲ. ರಾತ್ರಿ ಟ್ಯೂಷನ್ ಮುಗಿಸಿ ಒಬ್ಬಳೇ ಬರೋ ಹುಡುಗಿ. ಇದನ್ನೇ ನಂಬ್ಕೊಂಡಿದ್ಲು. ಅವಳ ಮುಖ ನೋಡೋಕಾಗಲಿಲ್ಲ ನನಗೆ.

ಅವತ್ತೇ ಮಾಸ್ಟರ್‌ಗೆ ಮೆಸೇಜ್ ಹಾಕಿದೆ. ಬಂದ ಉತ್ತರ: "ನಿಮ್ಮ ಹುಡುಗ ಹಿಡಿದಿದ್ದೇ ತಪ್ಪು ಮೇಡಂ. ನಿಜವಾಗಿ ದಾಳಿ ಮಾಡೋರು ಅಷ್ಟು ಗಟ್ಟಿಯಾಗಿ ಹಿಡಿಯಲ್ಲ."

ಮೂರು ಸಲ ಓದಿದೆ. ಗಟ್ಟಿಯಾಗಿ ಹಿಡಿಯಲ್ವಂತೆ!

ಅರ್ಧ ದುಡ್ಡಾದ್ರೂ ವಾಪಸ್ ಕೊಡಿ ಅಂದೆ. "ಗುರುದಕ್ಷಿಣೆ ವಾಪಸ್ ಕೇಳಬಾರದು. ಲೆವೆಲ್ ಟೂ ಮಾಡಿ, 12,000, ಆಗ ಅರ್ಥ ಆಗತ್ತೆ." ಮಾರನೇ ದಿನ ಗ್ರೂಪಿಂದ ತೆಗೆದುಹಾಕಿದ್ರು.

ತಾಯ್ ಚೀನೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಸೇರೋ ಮುಂಚೆ ಗಟ್ಟಿಯಾಗಿ ಕೈ ಹಿಡೀರಿ, ಬಿಡಿಸ್ಕೊಂಡು ತೋರಿಸಲಿ. ತಿಂಗಳಿಗೆ ತಿಂಗಳು ಕಟ್ಟಿ. ಮಂಡಿ ನೋವು ಬಂದ್ರೆ ಅವತ್ತೇ ನಿಲ್ಲಿಸಿ, ಚೀ ಗೀ ಅಂದ್ರೆ ಕೇಳಬೇಡಿ.

ನಿನ್ನೆ ಅದೇ ಹಾಲ್ ಮುಂದೆ ಹೊಸ ಬ್ಯಾನರ್ ನೋಡಿದೆ. "ಮಹಿಳೆಯರಿಗೆ ವಿಶೇಷ ಬ್ಯಾಚ್, ಕೆಲವೇ ಸೀಟು." ಅದಕ್ಕೇ ಇವತ್ತು ಕೂತು ಬರೆದೆ.