ಉರುಗ್ವೆಯ ಬೀಚುಗಳು: ಮೊನೆಯ ಈಚೆಗೋ, ಆಚೆಗೋ?

ಕೆಲಸದ ಮೇಲೆ ಎರಡು ವರ್ಷ ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದಲ್ಲಿದ್ದೆ. ಎರಡು ಬೇಸಿಗೆಯಲ್ಲೂ ಶನಿವಾರ ಬಂತೆಂದರೆ ಹೆಂಡತಿ, ಐದು ವರ್ಷದ ಮಗಳು, ನಾನು ಮೂವರೂ ಬೆಳಿಗ್ಗೆಯೇ ಟ್ರೆಸ್ ಕ್ರುಸೆಸ್ ಬಸ್ ನಿಲ್ದಾಣದಲ್ಲಿ ಇರುತ್ತಿದ್ದೆವು. ಅಲ್ಲಿ ಬೇಸಿಗೆ ಅಂದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಜನವರಿಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟು ಗಂಟೆ ಆಗಿರುತ್ತದೆ. ಹಾಗೆ ಸುತ್ತಿದ ಬೀಚುಗಳಲ್ಲಿ ನಾಲ್ಕು ಊರುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ: ಪಿರಿಯಾಪೊಲಿಸ್, ಪುಂತಾ ದೆಲ್ ಎಸ್ತೆ, ಕಾಬೊ ಪೊಲೊನಿಯೊ, ಪುಂತಾ ದೆಲ್ ದಿಯಾಬ್ಲೊ.

ಮೊದಲು ಒಂದು ವಿಷಯ ತಿಳಿದಿರಲಿ. ಫೋಟೊ ನೋಡಿ ಬೀಚ್ ಆರಿಸಬೇಡಿ, ನೀರು ನೋಡಿ ಆರಿಸಿ. ಪುಂತಾ ದೆಲ್ ಎಸ್ತೆ ಅನ್ನುವುದು ಕಡಲಿಗೆ ಚಾಚಿಕೊಂಡಿರುವ ಒಂದು ಮೊನೆ. ಅದರ ಪಶ್ಚಿಮಕ್ಕೆ ಇರುವುದು ರಿಯೊ ದೆ ಲಾ ಪ್ಲಾತಾ, ಆಚೆ ದಡವೇ ಕಾಣದಷ್ಟು ಅಗಲವಾದ ನದಿಮುಖ. ಪೂರ್ವಕ್ಕೆ ಇರುವುದು ಅಟ್ಲಾಂಟಿಕ್. ನದಿಯ ಕಡೆ ನೀರಲ್ಲಿ ಉಪ್ಪು ಕಡಿಮೆ, ಅಲೆ ಸಣ್ಣದು, ಮೊಂಟೆವಿಡಿಯೊ ಹತ್ತಿರವಂತೂ ಎಷ್ಟೋ ದಿನ ಕೆಂಚು ಬಣ್ಣ. ಕಡಲಿನ ಕಡೆ ನೀರು ತಿಳಿ, ಜೋರು ಅಲೆ, ಚಳಿ ಜಾಸ್ತಿ. ನಾನು ಮರವಂತೆ ಹತ್ತಿರದವನು. ರಸ್ತೆಯ ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಕಡಲು ನೋಡುತ್ತಾ ಬೆಳೆದವನಿಗೆ ಈ ಲೆಕ್ಕ ಬೇಗ ಅರ್ಥವಾಯಿತು. ಆದರೆ ಆ ಚಳಿಗೆ ಮಾತ್ರ ಒಗ್ಗಿಕೊಳ್ಳಲು ಒಂದು ಬೇಸಿಗೆಯೇ ಬೇಕಾಯಿತು.

ಪಿರಿಯಾಪೊಲಿಸ್ ಮೊಂಟೆವಿಡಿಯೊದಿಂದ ಸುಮಾರು 100 ಕಿಲೋಮೀಟರ್. ಫ್ರಾನ್ಸಿಸ್ಕೊ ಪಿರಿಯಾ ಅನ್ನುವವರು ಕಟ್ಟಿಸಿದ ಊರು, ಅದಕ್ಕೇ ಆ ಹೆಸರು. ಕಡಲಂಚಿನಲ್ಲಿ 1930ರಲ್ಲಿ ಶುರುವಾದ ದೊಡ್ಡ ಅರ್ಜೆಂಟೀನೊ ಹೋಟೆಲ್, ಹಿಂದೆ ಗುಡ್ಡ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಇಲ್ಲಿಗೇ ಹೋಗಿ. ನಡೆಯಲು ಸಲೀಸು, ನೀರು ಶಾಂತ. ಒಂದು ದಿನಕ್ಕೆ ಸಾಕು.

ಪುಂತಾ ದೆಲ್ ಎಸ್ತೆಗೆ ಎಲ್ಲರೂ ಹೋಗುತ್ತಾರೆ. ಬಸ್ಸಲ್ಲಿ ಎರಡು ಗಂಟೆ ಚಿಲ್ಲರೆ. ಒಂದೇ ಊರಲ್ಲಿ ಎರಡೂ ಬಗೆಯ ನೀರು ಸಿಗುವುದು ಇದರ ದೊಡ್ಡ ಗುಣ. ಪಶ್ಚಿಮದ ಬೀಚ್ ಮಾನ್ಸಾ, ಅಂದರೆ ಸಾಧು. ಪೂರ್ವದ್ದು ಬ್ರಾವಾ, ಅಂದರೆ ರೋಷದ್ದು. ಇದರಿಂದ ಅದಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ, ಅಷ್ಟೇ. ಮಗಳು ಮಾನ್ಸಾದಲ್ಲಿ ಸೊಂಟದಷ್ಟು ನೀರಲ್ಲಿ ಎರಡು ಗಂಟೆ ಆಡಿದಳು, ನಾವು ಪಕ್ಕದಲ್ಲೇ ನೆಮ್ಮದಿಯಾಗಿ ಕೂತಿದ್ದೆವು. ಅದೇ ದಿನ ಸಂಜೆ ಬ್ರಾವಾದಲ್ಲಿ ಮೊಣಕಾಲಿನಷ್ಟು ನೀರಲ್ಲಿ ನಿಂತಿದ್ದ ನನ್ನನ್ನೇ ಅಲೆ ಎಳೆದು ಬೀಳಿಸಿತು. ಬ್ರಾವಾದಲ್ಲೇ ಮರಳಿನಿಂದ ಮೇಲೆದ್ದ ಆ ಐದು ಬೆರಳುಗಳ ಶಿಲ್ಪ ಇರುವುದು. ಚಿಲಿಯ ಮಾರಿಯೊ ಇರಾರಸಾವಲ್ 1982ರಲ್ಲಿ ಮಾಡಿದ್ದು. ಫೋಟೊಗೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಬೆರಳಿಗಿಂತ ಜನರೇ ಜಾಸ್ತಿ ಕಾಣುತ್ತಾರೆ. ಜನವರಿಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಕಡೆಯವರು ತುಂಬಿಕೊಳ್ಳುತ್ತಾರೆ, ರೂಮಿನ ಬಾಡಿಗೆ ಕೇಳಿದರೆ ಗಾಬರಿಯಾಗುತ್ತದೆ. ನಮಗೆ ಸರಿಹೋಗಿದ್ದು ಮಾರ್ಚ್.

ಈಗ ಕಾಬೊ ಪೊಲೊನಿಯೊ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಮನಸ್ಸು ಉಳಿದಿದ್ದು ಅಲ್ಲೇ. ಮೊಂಟೆವಿಡಿಯೊದಿಂದ ಸುಮಾರು 260 ಕಿಲೋಮೀಟರ್. ಬಸ್ಸು ಹೆದ್ದಾರಿಯಲ್ಲೇ ಇಳಿಸುತ್ತದೆ, ಊರಿಗೆ ರಸ್ತೆಯಿಲ್ಲ. ಎತ್ತರದ ಚಕ್ರದ ಟ್ರಕ್ಕು ಹತ್ತಿ ಮರಳ ದಿಬ್ಬಗಳ ನಡುವೆ 7 ಕಿಲೋಮೀಟರ್ ಕುಲುಕುತ್ತಾ ಹೋಗಬೇಕು, ಕೊನೆಗೆ ಟ್ರಕ್ಕು ನೇರ ಕಡಲ ದಂಡೆಯ ಮೇಲೇ ಓಡುತ್ತದೆ, ಆಗ ದೂರದಲ್ಲಿ ದೀಪಸ್ತಂಭ ಕಾಣುತ್ತದೆ, ಮಗಳು ಎದ್ದು ನಿಂತು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಊರಿಗೆ ವಿದ್ಯುತ್ ತಂತಿ ಬಂದಿಲ್ಲ. ಮನೆಗಳಲ್ಲಿ ಸೋಲಾರ್, ಮೇಣದಬತ್ತಿ, ಬಾವಿ ನೀರು. 2009ರಿಂದ ಅದು ರಾಷ್ಟ್ರೀಯ ಉದ್ಯಾನ. 1881ರ ಆ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಸೀ ಲಯನ್‌ಗಳು ರಾಶಿ ರಾಶಿ ಬಿದ್ದುಕೊಂಡಿರುತ್ತವೆ. ಗಾಳಿ ನಿಮ್ಮ ಕಡೆ ಬೀಸಿದರೆ ವಾಸನೆ ತಡೆಯುವುದು ಕಷ್ಟ, ಆದರೂ ನಾವು ಅಲ್ಲಿಂದ ಒಂದು ಗಂಟೆ ಏಳಲಿಲ್ಲ.

ರಾತ್ರಿ ಉಳಿದರೆ ಮಾತ್ರ ಪೊಲೊನಿಯೊ ಗೊತ್ತಾಗುತ್ತದೆ. ಬೀದಿದೀಪವೇ ಇಲ್ಲ. ದೀಪಸ್ತಂಭದ ಬೆಳಕು 12 ಸೆಕೆಂಡಿಗೊಮ್ಮೆ ಬಂದು ಹೋಗುತ್ತದೆ, ಉಳಿದಂತೆ ಬರೀ ನಕ್ಷತ್ರ. ನಮ್ಮವರು ತ್ರಿಶಂಕು ಅನ್ನುವ ನಕ್ಷತ್ರಗಳು ಇಲ್ಲಿ ಎಷ್ಟು ಮೇಲೆ, ಎಷ್ಟು ಸ್ಪಷ್ಟ! ಓರಿಯನ್ ತಲೆಕೆಳಗಾಗಿ ನಿಂತಿರುತ್ತದೆ. ಮಗಳಿಗೆ ತೋರಿಸುತ್ತಾ ಕೂತವನು ಅವಳು ಮಡಿಲಲ್ಲಿ ನಿದ್ದೆ ಹೋಗಿದ್ದನ್ನೂ ಗಮನಿಸಲಿಲ್ಲ.

ಪುಂತಾ ದೆಲ್ ದಿಯಾಬ್ಲೊ ಇನ್ನೂ ಮುಂದೆ, ಬ್ರೆಜಿಲ್ ಗಡಿಯ ಹತ್ತಿರ, 300 ಕಿಲೋಮೀಟರ್ ದೂರ. ಮೀನುಗಾರರ ಊರು, ಬಣ್ಣದ ದೋಣಿಗಳನ್ನು ಮರಳ ಮೇಲೆ ಎಳೆದಿಟ್ಟಿರುತ್ತಾರೆ. ಅಲೆ ಸರ್ಫಿಂಗ್ ಮಾಡುವವರಿಗೆ ಇಷ್ಟವಾಗುವಂಥದ್ದು, ಮಕ್ಕಳಿಗಲ್ಲ. ಪಕ್ಕದ ಸಾಂತಾ ತೆರೆಸಾ ಉದ್ಯಾನದಲ್ಲಿ ಪೋರ್ಚುಗೀಸರು 1762ರಲ್ಲಿ ಕಟ್ಟಲು ಶುರುಮಾಡಿದ ಕೋಟೆಯಿದೆ, ಬಿಡಬೇಡಿ. ತಿನ್ನಲು ಬುನ್ಯುವೆಲೊ ದೆ ಆಲ್ಗಾಸ್ ಕೇಳಿ. ಕಡಲ ಪಾಚಿಯನ್ನು ಹಿಟ್ಟಿಗೆ ಕಲಸಿ ಎಣ್ಣೆಯಲ್ಲಿ ಕರಿಯುತ್ತಾರೆ. ನೋಡಲು ಗೋಳಿಬಜೆ ಹಾಗೇ ಇರುತ್ತದೆ, ರುಚಿ ಉಪ್ಪುಪ್ಪು. ಹೆಂಡತಿ ಸಸ್ಯಾಹಾರಿ, ಆ ಕಡೆ ಅವಳಿಗೆ ಖುಷಿಯಾಗಿ ತಿನ್ನಲು ಸಿಕ್ಕಿದ್ದು ಇದೊಂದೇ. ಮೊಟ್ಟೆ ಹಾಕಿರುವುದೂ ಉಂಟು, ಕೇಳಿಕೊಂಡು ತಗೊಳ್ಳಿ.

ನನ್ನ ಆಯ್ಕೆ ಕೇಳಿದರೆ ಕಣ್ಣು ಮುಚ್ಚಿ ಕಾಬೊ ಪೊಲೊನಿಯೊ. ಆದರೆ ಈಜುವುದೇ ಮುಖ್ಯ, ಜೊತೆಗೆ ಸಣ್ಣ ಮಕ್ಕಳಿದ್ದಾರೆ ಅಂದರೆ ಪುಂತಾ ದೆಲ್ ಎಸ್ತೆಯ ಮಾನ್ಸಾ ಬಿಟ್ಟು ಬೇರೆ ಹೇಳುವುದಿಲ್ಲ. ಎರಡೇ ದಿನ ರಜೆ ಇರುವವರು ದಿಯಾಬ್ಲೊವರೆಗೆ ಓಡಬೇಡಿ, ಅರ್ಧ ರಜೆ ಬಸ್ಸಲ್ಲೇ ಕಳೆಯುತ್ತದೆ. ಎಲ್ಲಿಗೇ ಹೋದರೂ ಲೈಫ್‌ಗಾರ್ಡ್ ಹತ್ತಿರದ ಬಾವುಟ ನೋಡಿ. ಕೆಂಪು ಇದ್ದರೆ ನೀರಿಗೆ ಇಳಿಯಬೇಡಿ. ಪೊಲೊನಿಯೊಗೆ ಹೋಗುವವರು ನಗದು, ಟಾರ್ಚು, ಒಂದು ಸ್ವೆಟರ್ ಇಟ್ಟುಕೊಳ್ಳಿ, ಜನವರಿಯಲ್ಲೂ ರಾತ್ರಿ ಗಾಳಿ ತಣ್ಣಗಿರುತ್ತದೆ.